ಚೇತನಕ್ಕೆ ವೈಕಲ್ಯವೆಲ್ಲಿಯದು?

ಬುದ್ಧಿಯ ಬೆಳವಣಿಗೆ ಕುಂಠಿತವಾದವರನ್ನು ಕುರಿತು ನಮ್ಮ ನಾಡಿನಲ್ಲಿ ರೂಢಿಯಾಗಿರುವ ಹೀನಪದಗಳನ್ನು ಕೈಬಿಡಬೇಕೆಂಬ ಮಾತು ಎದ್ದಾಗಲೆಲ್ಲ, ವಿದ್ಯಾವಂತರ ಮುಖದಲ್ಲಿಯೇ ಒಂದು ತಾತ್ಸಾರದ ನಗೆ ಮೂಡುವುದುಂಟು. ಮಾಡಲು ಬೇರೆ ಕೆಲಸವಿಲ್ಲದವರು ಶಬ್ದಗಳ ಬೆನ್ನು ಹತ್ತಿದ್ದಾರೆ ಎಂದು ಕೆಲವರು. ಇದು ಪರದೇಶದಿಂದ ಬಂದ ಹೊಸ ಮಡಿವಂತಿಕೆ ಎಂದು ಹಲವರು. ಪೆದ್ದ, ಬೆಪ್ಪ, ಮಂಕ, ಮಡ್ಡ ಎಂಬ ಮಾತುಗಳಿಲ್ಲದೆ ಕನ್ನಡದ ಸೊಗಸೇ ಉಳಿಯದು ಎಂದು ಮತ್ತೆ ಕೆಲವರು. ಹೀಗೆನ್ನುವವರಲ್ಲಿ ನಮ್ಮ ಶರಣಬಂಧುಗಳೂ ಇದ್ದಾರೆ ಎಂಬುದೇ ಈ ಲೇಖನವನ್ನು ಬರೆಯಲು ಕಾರಣ. ಅನ್ಯರು ಏನಾದರೂ ಹೇಳಿಕೊಳ್ಳಲಿ. ಕೊರಳಲ್ಲಿ ಲಿಂಗವನ್ನು ಧರಿಸಿದವರಿಗೆ ಇದು ಚರ್ಚೆಯ ವಿಷಯವೇ ಆಗಬಾರದಿತ್ತು. ಎಂಟುನೂರು ವರ್ಷಗಳಿಗೂ ಹಿಂದೆ ಕಲ್ಯಾಣದಲ್ಲಿಯೇ ಇತ್ಯರ್ಥವಾದ ಪ್ರಶ್ನೆಯಿದು.

ಮೊದಲು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ಹುಚ್ಚು ಬೇರೆ, ಬುದ್ಧಿಯ ಬೆಳವಣಿಗೆ ಕುಂದುವುದು ಬೇರೆ. ಮೊದಲನೆಯದು ಚಿಕಿತ್ಸೆಗೆ ಒಳಪಡುವ ಮನೋರೋಗ. ಅದು ಯಾವ ವಯಸ್ಸಿನಲ್ಲಿ ಯಾರಿಗಾದರೂ ಬರಬಹುದು. ಎರಡನೆಯದು ರೋಗವಲ್ಲ, ಒಂದು ಸ್ಥಿತಿ. ಹುಟ್ಟಿನಿಂದಲೇ ಇರುವಂಥದು ಅಥವಾ ಬೆಳೆಯುವ ವಯಸ್ಸಿನಲ್ಲಿ ಕಾಣಿಸಿಕೊಳ್ಳುವಂಥದು. ವಂಶವಾಹಿಗಳ ವ್ಯತ್ಯಾಸ, ಗರ್ಭಿಣಿಯ ಆಹಾರದಲ್ಲಿ ಅಯೋಡಿನ್ ಕೊರತೆ, ಹೆರಿಗೆಯ ವೇಳೆ ಕೂಸಿನ ಮಿದುಳಿಗೆ ಪ್ರಾಣವಾಯು ದೊರೆಯದಿರುವುದು, ಎಳವೆಯಲ್ಲಿ ಬರುವ ಮಿದುಳುಜ್ವರ, ಹೀಗೆ ಅದಕ್ಕೆ ಕಾರಣಗಳು ಹಲವು. ೧೯೧೨ರ ಇಂಡಿಯನ್ ಲೂನಸಿ ಕಾಯಿದೆಯು ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಇಬ್ಬರಿಗೂ 'ಲೂನಟಿಕ್' ಎಂಬ ಒಂದೇ ಹಣೆಪಟ್ಟಿಯನ್ನು ಅಂಟಿಸಿತ್ತು. ಆ ಕಾಯಿದೆ ಹೋಗಿ ೧೯೮೭ರದು ಬಂತು, ಅದೂ ಹೋಗಿ ೨೦೧೭ರದು ಬಂತು. ಬುದ್ಧಿಯ ಬೆಳವಣಿಗೆ ಅಪೂರ್ಣವಾಗಿರುವುದು ಮನೋರೋಗವಲ್ಲವೆಂದು ಕಾನೂನೇ ಸಾರಿತು. ಆದರೆ ನಮ್ಮ ಬೀದಿಯ ಭಾಷೆ ಮಾತ್ರ ೧೯೧೨ರಲ್ಲಿಯೇ ನಿಂತಿದೆ. ೨೦೧೧ರ ಜನಗಣತಿಯಲ್ಲಿ ಈ ಸ್ಥಿತಿಯವರೆಂದು ಬರೆಸಿಕೊಂಡವರು ದೇಶದಲ್ಲಿ ಸುಮಾರು ಹದಿನೈದು ಲಕ್ಷ ಮಂದಿ. ಬರೆಸಲು ನಾಚಿ ಕೋಣೆಯ ಬಾಗಿಲೆಳೆದುಕೊಂಡ ಮನೆಗಳನ್ನು ಯಾವ ಗಣತಿಯೂ ಎಣಿಸಲಾರದು.

ಆ ನಾಚಿಕೆ ಎಲ್ಲಿಂದ ಬಂತು? ಮಗುವಿನಿಂದ ಬರಲಿಲ್ಲ, ಮಾತಿನಿಂದ ಬಂತು. ಕೇರಿಯ ಹುಡುಗರು ಹಿಂದೆ ಬಿದ್ದು ಕೂಗುವ ಕೂಗಿನಿಂದ ಬಂತು. ಉತ್ತರ ಹೇಳದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿ 'ದಡ್ಡಶಿಖಾಮಣಿ' ಎಂದು ಮಾಸ್ತರರು ಕೊಡುವ ಬಿರುದಿನಿಂದ ಬಂತು. ಜಾತ್ರೆಯ ನಾಟಕದಲ್ಲಿ ಬಾಯಿಯಿಂದ ಜೊಲ್ಲು ಸುರಿಸಿ, ತೊದಲಿ, ಎಡವಿ ಬಿದ್ದು ಜನರನ್ನು ನಗಿಸುವ ಪೆದ್ದನ ಪಾತ್ರದಿಂದ ಬಂತು. ಪಟ್ಟಣದಲ್ಲಿ ಓದಿದವರು 'ಲೂಸು', 'ಮೆಂಟಲ್' ಎಂದು ಇದೇ ವಿಷಕ್ಕೆ ಇಂಗ್ಲಿಷಿನ ಬಣ್ಣ ಬಳಿದಿದ್ದಾರೆ. ಬೆಂಗಳೂರಿನ ಹಳೆಯ ಲೂನಟಿಕ್ ಅಸೈಲಮ್ಮಿಗೆ ೧೯೨೫ರಲ್ಲಿ ಮೆಂಟಲ್ ಹಾಸ್ಪಿಟಲ್ ಎಂದು ಹೆಸರಿಟ್ಟರು. ೧೯೭೪ರಲ್ಲಿ ಅದು ನಿಮ್ಹಾನ್ಸ್ ಆಯಿತು. ನಾವು ಆ ಗೌರವಾನ್ವಿತ ಸಂಸ್ಥೆಯ ಹೆಸರನ್ನೂ ಬೈಗುಳವನ್ನಾಗಿ ಮಾಡಿಕೊಂಡೆವು! ಇದರ ಫಲವನ್ನು ಉಣ್ಣುವವರು ಯಾರು? ಹೆಣ್ಣು ನೋಡಲು ಬಂದವರು, ಆ ಮನೆಯಲ್ಲೊಬ್ಬ ಪೆದ್ದನಿದ್ದಾನಂತೆ ಎಂದು ಪಿಸುಗುಟ್ಟಿ ಎದ್ದುಹೋದಾಗ ಕಣ್ಣೀರಿಡುವ ಅಕ್ಕತಂಗಿಯರು. ಊರೆಲ್ಲ ತೇರಿಗೆ ಹೋದ ದಿನ ಮಗನೊಡನೆ ಮನೆಯಲ್ಲಿಯೇ ಉಳಿಯುವ ತಾಯಂದಿರು. ಶಾಲೆಗೆ ಸೇರಿಸಲು, ಸರ್ಕಾರದ ಪ್ರಮಾಣಪತ್ರ ಪಡೆಯಲು ಕೂಡ ಮಗುವನ್ನು ಹೊರಗೆ ಕರೆದುಕೊಂಡು ಹೋಗಲು ಅಂಜುವ ತಂದೆಗಳು. ಒಂದು ಶಬ್ದದಿಂದ ಇಷ್ಟೆಲ್ಲ ಆಗುತ್ತದೆಯೇ ಎಂದು ಕೇಳುವವರು ಆ ಮನೆಗಳ ಹೊಸ್ತಿಲು ತುಳಿದವರಲ್ಲ.

ಇನ್ನು ಸಿದ್ಧಾಂತದ ಮಾತು. ಗರ್ಭಕ್ಕೆ ಎಂಟು ತಿಂಗಳು ತುಂಬಿದಾಗ ಗರ್ಭದಲ್ಲಿರುವ ಶಿಶುವಿಗೇ ಗುರುವು ಲಿಂಗಧಾರಣೆ ಮಾಡುವ ಸಂಪ್ರದಾಯ ನಮ್ಮದು. ಆ ಕೂಸು ಮುಂದೆ ಪಂಡಿತನಾಗುವುದೋ, ಮೂರು ಮಾತುಗಳನ್ನೂ ನೆಟ್ಟಗೆ ಆಡಲಾರದೋ ಎಂದು ಗುರು ಕೇಳುವುದಿಲ್ಲ. ದೀಕ್ಷೆಯಲ್ಲಿ ಗುರುವು ಮಾಡುವುದಾದರೂ ಏನು? ಶಿಷ್ಯನ ಮಸ್ತಕದಲ್ಲಿ ಹುದುಗಿರುವ ಚಿತ್ಕಳೆಯನ್ನು ಇಷ್ಟಲಿಂಗದಲ್ಲಿ ನೆಲೆಗೊಳಿಸಿ ಅವನ ಕರಸ್ಥಲಕ್ಕೆ ಕೊಡುತ್ತಾನೆ. ಚಿತ್ಕಳೆ ಹೊರಗಿನಿಂದ ತಂದು ತುಂಬುವ ವಸ್ತುವಲ್ಲ. ಅದು ಅಲ್ಲಿ ಮೊದಲೇ ಇದೆ. ಹೀಗಿರುವಾಗ, ಇಂಥವನ ಮಸ್ತಕದಲ್ಲಿ ಅದಿಲ್ಲವೆಂದು ಹೇಳುವ ಎದೆಗಾರಿಕೆ ಯಾರಿಗಿದೆ? ಲೆಕ್ಕ ಮಾಡುವ ಬುದ್ಧಿ ಒಂದು, ಬೆಳಗುವ ಚೈತನ್ಯ ಇನ್ನೊಂದು. ಬುದ್ಧಿಯು ಕರಣಗಳಲ್ಲಿ ಒಂದೆಂದು ಶಾಸ್ತ್ರ ಹೇಳುತ್ತದೆ. ಕರಣ ಮಂದವಾದೀತು, ಚುರುಕಾದೀತು. ಅದರ ಹಿಂದಿನ ಬೆಳಕು ಹೆಚ್ಚುವುದೂ ಇಲ್ಲ, ಕುಂದುವುದೂ ಇಲ್ಲ. ಜನನಸೂತಕವನ್ನು ಒಲ್ಲೆನೆಂದು ಪಂಚಸೂತಕಗಳನ್ನು ಕಿತ್ತೊಗೆದ ಶರಣರ ಮಕ್ಕಳು, ಹುಟ್ಟಿನಿಂದ ಬಂದ ಒಂದು ಕೊರತೆಯನ್ನೇ ಬೈಗುಳವಾಗಿ ಬಳಸುವುದಾದರೆ, ಒಗೆದ ಸೂತಕವನ್ನೇ ಆರಿಸಿಕೊಂಡು ಮನೆಗೆ ತಂದಂತಾಯಿತು.

ಆದ್ದರಿಂದಲೇ, ಸರ್ಕಾರ ಬಳಕೆಗೆ ತಂದಿರುವ 'ವಿಕಲಚೇತನ' ಎಂಬ ಪದವನ್ನೂ ನಾವು ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಅಂಗವಿಕಲ ಎಂಬುದು ಬಿರುಸಾಯಿತೆಂದು ಇದನ್ನು ತಂದವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಅರ್ಥವನ್ನು ನೋಡಿ: ಹಿಂದಿನ ಪದ ಅಂಗಕ್ಕೆ ಮಾತ್ರ ವೈಕಲ್ಯವನ್ನು ಹೇಳಿತ್ತು, ಹೊಸದು ಅದನ್ನು ಚೇತನಕ್ಕೇ ಹಚ್ಚಿಬಿಟ್ಟಿತು! ಕಾಲಿಗೆ ಕುಂದಿದ್ದೀತು, ಕಣ್ಣಿಗೆ ಕುಂದಿದ್ದೀತು, ಬುದ್ಧಿಗೂ ಕುಂದಿದ್ದೀತು, ಚೇತನಕ್ಕೆ ವೈಕಲ್ಯವೆಲ್ಲಿಯದು? ಶಿವನ ಅಂಶಕ್ಕೆ ಊನವನ್ನು ಹೇಳುವ ಶಬ್ದ ಇಲಾಖೆಯ ಫಲಕದ ಮೇಲಿದ್ದರೂ ಶರಣರ ಬಾಯಲ್ಲಿ ಸಲ್ಲದು. ಇದಕ್ಕೆ ಪ್ರತಿಯಾಗಿ ೨೦೧೫ರ ಡಿಸೆಂಬರಿನಲ್ಲಿ ಪ್ರಧಾನಮಂತ್ರಿಗಳು 'ದಿವ್ಯಾಂಗ' ಎಂಬ ಪದವನ್ನು ಸೂಚಿಸಿದರು. ಇದನ್ನು ಆಕ್ಷೇಪಿಸಿದವರು ಬೇರೆ ಯಾರೂ ಅಲ್ಲ, ಅಂಗವೈಕಲ್ಯವುಳ್ಳವರ ಸಂಘಟನೆಗಳೇ. ತಮ್ಮ ಪಾಡನ್ನು ದೈವಿಕವೆಂದು ಹೊಗಳಿದರೆ ಹತ್ತಲು ಇಳಿಜಾರು ಹಾದಿ ದೊರೆಯುವುದಿಲ್ಲ, ಮಗುವಿಗೆ ಶಿಕ್ಷಕರು ದೊರೆಯುವುದಿಲ್ಲ ಎಂಬುದು ಅವರ ಅಳಲು. ನ್ಯಾಯವಾದ ಮಾತು. ಬೈಗುಳ ಮನುಷ್ಯನನ್ನು ಕೆಳಕ್ಕೆ ನೂಕುತ್ತದೆ. ಹುಸಿಹೊಗಳಿಕೆ ಅಟ್ಟದ ಮೇಲೆ ಕೂರಿಸುತ್ತದೆ. ಎರಡರಲ್ಲಿಯೂ ಅವನಿಗೆ ನಮ್ಮ ಪಂಕ್ತಿಯಲ್ಲಿ ಎಲೆಯಿಲ್ಲ.

ಪ್ರತಿಪಕ್ಷದವರ ಮಾತುಗಳನ್ನು ಈಗ ಒಂದೊಂದಾಗಿ ಪರಿಶೀಲಿಸೋಣ.

ವಚನಗಳಲ್ಲಿಯೇ 'ಮರುಳೆ' ಎಂಬ ಸಂಬೋಧನೆ ಹೇರಳವಾಗಿದೆಯಲ್ಲ, ಅವನ್ನೂ ತಿದ್ದುತ್ತೀರಾ ಎಂದು ಕೇಳುತ್ತಾರೆ. ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ; ಅಲ್ಲಿ ಯಾರನ್ನು ಹಾಗೆ ಕರೆದಿದ್ದಾರೆಂಬುದನ್ನು ನೋಡಿದರೆ ಸಾಕು. ಓದಿ ಓದಿ ಉಬ್ಬಿದವನನ್ನು, ಕಲ್ಲಿಗೆ ಹಾಲೆರೆದು ಹಸಿದವನನ್ನು ಅಟ್ಟುವವನನ್ನು, ದೇಹ ಶಾಶ್ವತವೆಂದು ಹಿಗ್ಗುವವನನ್ನು, ಅಂದರೆ ಬುದ್ಧಿಯಿದ್ದೂ ಅದನ್ನು ಕೆಡಿಸಿಕೊಂಡವನನ್ನು ಶರಣರು ಮರುಳನೆಂದರು. ಬುದ್ಧಿ ಬೆಳೆಯದ ಮಗುವಿನತ್ತ ಆ ಬಾಣವನ್ನು ಅವರು ತಿರುಗಿಸಲಿಲ್ಲ. ತಿರುಗಿಸದಿದ್ದುದಷ್ಟೇ ಅಲ್ಲ. ಲೋಕ ಮರುಳನೆಂದು ಬಗೆದು ಕಡೆಗಣಿಸಿದವನೊಬ್ಬ ಮಹಾಮನೆಯ ಪ್ರಸಾದಕುಂಡದ ಬಳಿಯಲ್ಲಿಯೇ ಬಹುಕಾಲವಿದ್ದನಂತೆ. ಕಲ್ಯಾಣದ ಅಷ್ಟು ಮಂದಿ ಜ್ಞಾನಿಗಳಲ್ಲಿ ಯಾರೂ ಅವನನ್ನು ಅರಿಯಲಿಲ್ಲ, ಅರಿತವರು ಅಲ್ಲಮಪ್ರಭುಗಳು. ಶೂನ್ಯಸಂಪಾದನೆಯಲ್ಲಿ ಮರುಳಶಂಕರದೇವರ ಪ್ರಸಂಗವನ್ನು ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಸವಣ್ಣನವರ ಮಹಾಮನೆಯಂಥ ಮಹಾಮನೆಯೇ ಕಣ್ಣೆದುರಿಗಿದ್ದವನನ್ನು ಕಾಣದೆ ಹೋಯಿತೆಂಬುದನ್ನು ನಮ್ಮ ಹಿರಿಯರು ಮುಚ್ಚಿಡದೆ ಬರೆದಿಟ್ಟಿದ್ದಾರೆ. ಏತಕ್ಕೆ? ಮುಂದಿನವರು ಎಚ್ಚರವಾಗಿರಲೆಂದು. ಅಂದಿನಿಂದ 'ಮರುಳ' ಎಂಬುದು ನಮ್ಮಲ್ಲಿ ಪೂಜ್ಯನಾಮವಾಯಿತು. ಉಜ್ಜಿನಿ, ಸಿರಿಗೆರೆಗಳ ಪರಂಪರೆಯಲ್ಲಿ ಮರುಳಸಿದ್ಧರ ಹೆಸರು ಬೆಳಗುತ್ತಿದೆ. ಮರುಳಸಿದ್ಧಪ್ಪ, ಮರುಳಯ್ಯ ಎಂದು ಮಕ್ಕಳಿಗೆ ಹೆಸರಿಟ್ಟವರು ಸಾವಿರಾರು ಮಂದಿ. ಹರಿಹರ ಮಹಾಕವಿ ಮುಗ್ಧಸಂಗಯ್ಯನಿಗೆ ರಗಳೆಯನ್ನೇ ಕಟ್ಟಿದ. ಸಂಸ್ಕೃತದಲ್ಲಿ ತಿಳಿಗೇಡಿಯೆಂಬ ಅರ್ಥವೂ ಇದ್ದ 'ಮುಗ್ಧ'ವನ್ನು ಭಕ್ತಿಯ ಒಂದು ಮೆಟ್ಟಿಲಾಗಿ ಎತ್ತಿದ್ದು ನಮ್ಮ ಪರಂಪರೆ. ಬಿದ್ದ ಪದವನ್ನು ಎತ್ತುವುದು ಶರಣರ ರೀತಿ. ಅದನ್ನೇ ಕಲ್ಲಾಗಿ ಎಸೆಯುವುದು ನಮ್ಮ ರೀತಿ. ಎರಡಕ್ಕೂ ಒಂದೇ ಪ್ರಮಾಣವನ್ನು ತೋರಿಸುವುದು ಸಲ್ಲದು.

ಡಿ.ವಿ.ಜಿ. ಅವರ ಮಂಕುತಿಮ್ಮನನ್ನು ಏನು ಮಾಡುತ್ತೀರಿ ಎಂಬುದು ಇದರದೇ ತಮ್ಮ. ೧೯೪೩ರಲ್ಲಿ ಆ ಕೃತಿಯನ್ನು ಹೊರತಂದ ಕವಿ ಮಂಕನ ಹೆಸರನ್ನು ಪರರ ತಲೆಗೆ ಕಟ್ಟಲಿಲ್ಲ. ಕಗ್ಗವನ್ನು ಹಾಡುವವನಿಗೇ, ಅಂದರೆ ತಮ್ಮ ದನಿಗೇ ಇಟ್ಟರು. ತನ್ನನ್ನು ತಾನೇ ಕಿರಿಯನೆಂದುಕೊಳ್ಳುವುದು ವಿನಯ. ಇನ್ನೊಬ್ಬನನ್ನು ಕಿರಿಯನೆನ್ನುವುದು ಅಹಂಕಾರ. ತನಗಿಂತ ಕಿರಿಯರಿಲ್ಲವೆಂದು ಬಗೆದ ಬಸವಣ್ಣನವರ ಅನುಯಾಯಿಗಳಿಗೆ ಈ ಭೇದ ತಿಳಿಯದೆ?

ಕೆಟ್ಟ ಉದ್ದೇಶವಿಲ್ಲದೆ, ಸಲಿಗೆಯಿಂದ ಆಡುತ್ತೇವೆ ಎಂಬುದು ಮತ್ತೊಂದು ಸಮಾಧಾನ. ಗೆಳೆಯನನ್ನು ಗೆಳೆಯ ಬೆಪ್ಪನೆಂದರೆ ನಷ್ಟವೇನು? ನಷ್ಟವಾಗುವುದು ಆ ಗೆಳೆಯನಿಗಲ್ಲ. ಪಕ್ಕದಲ್ಲಿ ಕೇಳಿಸಿಕೊಳ್ಳುವ ಮೂರನೆಯವನಿಗೆ. ಜಾತಿಯ ಹೆಸರುಗಳನ್ನು ಬೈಗುಳವಾಗಿ ಬಳಸುತ್ತಿದ್ದವರೂ ಹಿಂದೆ ಇದೇ ಮಾತನ್ನು ಹೇಳುತ್ತಿದ್ದರು: ನಾವು ಯಾರನ್ನೋ ಬೈದೆವು, ಆ ಜಾತಿಯವರಿಗೇನು ಎಂದು. ಒಂದು ಕುಲದ ಹೆಸರೇ ಬೈಗುಳವಾದರೆ, ಬೈಸಿಕೊಂಡವರು ಯಾರಾದರೂ ಇರಲಿ, ಪೆಟ್ಟು ಬೀಳುವುದು ಆ ಕುಲಕ್ಕೆ. ಆದ್ದರಿಂದಲೇ ಬಸವಣ್ಣನವರು ಮಾದಾರ ಚೆನ್ನಯ್ಯನನ್ನು, ಡೋಹರ ಕಕ್ಕಯ್ಯನನ್ನು ತಮ್ಮ ಹಿರಿಯರ ಸಾಲಿನಲ್ಲಿ ಹೇಳಿಕೊಂಡು, ಆ ಹೆಸರುಗಳಿಗೆ ಅಂಟಿದ್ದ ಕೀಳುತನವನ್ನು ತೊಳೆದರು. ಅದೇ ಗಣಿತ ಇಲ್ಲಿಗೂ ಅನ್ವಯಿಸುತ್ತದೆ.

ಎಲ್ಲಕ್ಕಿಂತ ಬಲವಾದ ಆಕ್ಷೇಪವೊಂದಿದೆ. ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಹಳೆಯ ಶಬ್ದವನ್ನು ಬಿಟ್ಟು ಹೊಸದನ್ನು ತಂದರೆ ಕಾಲಕ್ರಮದಲ್ಲಿ ಅದೂ ಬೈಗುಳವೇ ಆಗುತ್ತದೆ, ಈ ಓಟಕ್ಕೆ ಕೊನೆಯೆಲ್ಲಿ ಎಂಬುದು ಆ ಆಕ್ಷೇಪ. ಇತಿಹಾಸ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಆಲ್ಪ್ಸ್ ಪರ್ವತದ ಕಣಿವೆಗಳಲ್ಲಿ ಅಯೋಡಿನ್ ಕೊರತೆಯಿಂದ ಬುದ್ಧಿ ಕುಂದಿದವರನ್ನು 'ಕ್ರೆಟಿನ್' ಎನ್ನುತ್ತಿದ್ದರು. ಅದು ಕ್ರೈಸ್ತನೆಂಬ ಶಬ್ದದಿಂದಲೇ ಬಂದುದೆಂದು, ಇವರೂ ನಮ್ಮಂತೆ ಮನುಷ್ಯರು ಎಂಬುದೇ ಅದರ ತಾತ್ಪರ್ಯವಾಗಿತ್ತೆಂದು ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ಒಪ್ಪುತ್ತಾರೆ. ಕರುಣೆಯಿಂದ ಹುಟ್ಟಿದ ಆ ಶಬ್ದವೂ ಯೂರೋಪಿನಲ್ಲಿ ನಿಂದೆಯಾಯಿತು. ಈಡಿಯಟ್, ಇಂಬೆಸೈಲ್ ಎಂಬುವು ವೈದ್ಯರ ಪರಿಭಾಷೆಯಾಗಿದ್ದುವು. ೧೯೧೩ರ ಬ್ರಿಟಿಷ್ ಕಾಯಿದೆಯಲ್ಲಿ ಅವು ಶ್ರೇಣಿಗಳ ಹೆಸರುಗಳಾಗಿ ಮುದ್ರಣಗೊಂಡಿವೆ. 'ಮೋರಾನ್' ಎಂಬುದನ್ನು ೧೯೧೦ರಲ್ಲಿ ಹೆನ್ರಿ ಗಾಡರ್ಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೀಕಿನಿಂದ ಹೊಸದಾಗಿ ಟಂಕಿಸಿದ. ಎಲ್ಲವೂ ಬೈಗುಳಗಳಾದುವು. ಅವುಗಳ ಬದಲಿಗೆ ಬಂದ 'ಮೆಂಟಲ್ ರಿಟಾರ್ಡೇಷನ್' ಎಂಬುದಕ್ಕೂ ಅದೇ ಗತಿಯಾಗಿ, ಅಮೆರಿಕ ೨೦೧೦ರಲ್ಲಿ ಅದನ್ನು ತನ್ನ ಕೇಂದ್ರ ಕಾನೂನುಗಳಿಂದ ತೆಗೆದುಹಾಕಿತು. ನಮ್ಮ ೧೯೯೫ರ ಕಾಯಿದೆಯಲ್ಲಿಯೂ ಅದೇ ಪದವಿತ್ತು; ೨೦೧೬ರ ಅಂಗವೈಕಲ್ಯವುಳ್ಳ ವ್ಯಕ್ತಿಗಳ ಹಕ್ಕುಗಳ ಕಾಯಿದೆಯಲ್ಲಿ ಅದರ ಸ್ಥಾನಕ್ಕೆ 'ಬೌದ್ಧಿಕ ಅಸಾಮರ್ಥ್ಯ' ಬಂತು. ಕನ್ನಡದಲ್ಲಿ ಸೌಮ್ಯವಾಗಿರಲೆಂದು ತಂದ 'ಬುದ್ಧಿಮಾಂದ್ಯ'ವೂ ಈಗ ರಾಜಕಾರಣಿಗಳು ಒಬ್ಬರನ್ನೊಬ್ಬರು ಹಳಿಯುವ ಮಾತಾಗಿದೆ.

ಇದೆಲ್ಲವೂ ನಿಜವೇ. ಆದರೆ ಇದರಿಂದ ಸಿದ್ಧವಾಗುವುದೇನು? ಶಬ್ದ ತಾನಾಗಿ ಕೆಡಲಿಲ್ಲ, ಬಳಸಿದ ಮನಸ್ಸಿನ ಕೊಳೆ ಅದಕ್ಕೆ ಅಂಟಿತು ಎಂಬುದಷ್ಟೇ. ಬೆವರಿಗೆ ಅಳಿಸಿಹೋಗುತ್ತದೆಂದು ಹಣೆಯ ವಿಭೂತಿಯನ್ನು ಧರಿಸದೆ ಬಿಟ್ಟವರುಂಟೆ? ದಿನದಿನವೂ ಅಳಿಯುವುದರಿಂದಲೇ ದಿನದಿನವೂ ಧರಿಸುತ್ತೇವೆ. ಶಬ್ದಶುದ್ಧಿಯೂ ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ, ನಿತ್ಯಕರ್ಮ. ಎಲ್ಲ ಬದಲಾವಣೆಯೂ ವ್ಯರ್ಥವೆಂಬುದೂ ಸುಳ್ಳು. ೧೮೬೬ರಲ್ಲಿ ಲ್ಯಾಂಗ್‌ಡನ್ ಡೌನ್ ಎಂಬ ಆಂಗ್ಲ ವೈದ್ಯ, ಒಂದು ಬಗೆಯ ಮಕ್ಕಳ ಮುಖಚರ್ಯೆಯನ್ನು ನೋಡಿ ಅವರನ್ನು ಮಂಗೋಲರೆಂದು ಕರೆದಿದ್ದ. ಇಪ್ಪತ್ತೊಂದನೆಯ ವರ್ಣತಂತು ಎರಡರ ಬದಲು ಮೂರಿರುವುದೇ ಆ ಸ್ಥಿತಿಯ ಕಾರಣವೆಂದು ೧೯೫೯ರಲ್ಲಿ ಪ್ಯಾರಿಸ್ಸಿನ ವಿಜ್ಞಾನಿಗಳು ಪ್ರಕಟಿಸಿದರು. ತಮ್ಮ ಜನಾಂಗದ ಹೆಸರು ಹೀಗೆ ಬಳಕೆಯಾಗಬಾರದೆಂದು ಮಂಗೋಲಿಯ ದೇಶ ಕೇಳಿಕೊಂಡಾಗ, ೧೯೬೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಪದವನ್ನು ಕೈಬಿಟ್ಟಿತು. ಇಂದು ಜಗತ್ತು 'ಡೌನ್ ಸಿಂಡ್ರೋಮ್' ಎನ್ನುತ್ತದೆ. ಹಳೆಯ ಪದ ಹೋದುದರಿಂದ ಯಾವ ಭಾಷೆಯ ಯಾವ ಸೊಗಸು ಕೆಟ್ಟಿತು?

ಮಾತಿನಲ್ಲೇನಿದೆ, ಕೃತಿ ಮುಖ್ಯ ಎನ್ನುವವರಿಗೆ ಒಂದು ಉತ್ತರ ಬಾಕಿಯಿದೆ. ಮಾತು ಕೃತಿಗೆ ಹಾದಿ ಮಾಡಿಕೊಡುತ್ತದೆ. ೧೯೨೭ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ವರ್ಜೀನಿಯ ರಾಜ್ಯದ ಒಬ್ಬ ತರುಣಿಗೆ ಬಲಾತ್ಕಾರವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವುದನ್ನು ಎತ್ತಿಹಿಡಿಯಿತು. ಆ ತೀರ್ಪಿನಲ್ಲಿ ವಾದಕ್ಕಿಂತ ಹೆಚ್ಚಿನ ಕೆಲಸ ಮಾಡಿದ್ದು 'ಇಂಬೆಸೈಲ್' ಎಂಬ ಒಂದು ಶಬ್ದ. ಬದುಕಲು ಅರ್ಹವಲ್ಲದ ಬದುಕು ಎಂಬ ನುಡಿ ಜರ್ಮನಿಯಲ್ಲಿ ೧೯೨೦ರಲ್ಲಿಯೇ ಪುಸ್ತಕದ ತಲೆಬರಹವನ್ನೇರಿತ್ತು. ಆಗ ಅದು ಬರಿಯ ಮಾತಾಗಿತ್ತು. ೧೯೪೦ರಿಂದ ೧೯೪೧ರ ಆಗಸ್ಟಿನವರೆಗೆ ಅಲ್ಲಿನ ನಾತ್ಸಿ ಸರ್ಕಾರ, ಬುದ್ಧಿ ಬೆಳೆಯದವರೂ ಮನೋರೋಗಿಗಳೂ ಸೇರಿದಂತೆ ಎಪ್ಪತ್ತು ಸಾವಿರಕ್ಕೂ ಮಿಕ್ಕಿದ ಜನರನ್ನು ವಿಷಾನಿಲದಿಂದ ಕೊಂದಿತು. ನಮ್ಮ ಊರಿನ ಹಾಸ್ಯಕ್ಕೂ ಆ ಘೋರಕ್ಕೂ ಸಮವಿಲ್ಲವೆಂಬುದನ್ನು ಬಲ್ಲೆ. ಆದರೂ, ಮನುಷ್ಯನನ್ನು ಮನುಷ್ಯನಲ್ಲವೆಂದು ಮೊದಲು ಹೇಳುವುದು ನಾಲಗೆಯೇ. ಕೈ ಆಮೇಲೆ ಬರುತ್ತದೆ.

ಕಾನೂನಿನ ಭಯವೂ ಈಗ ಉಂಟು. ಅಂಗವೈಕಲ್ಯವುಳ್ಳ ವ್ಯಕ್ತಿಯನ್ನು ಸಾರ್ವಜನಿಕರು ಕಾಣುವ ಸ್ಥಳದಲ್ಲಿ ಅವಮಾನಗೊಳಿಸುವ ಉದ್ದೇಶದಿಂದ ನಿಂದಿಸಿದರೆ, ೨೦೧೬ರ ಕಾಯಿದೆಯ ೯೨ನೆಯ ಕಲಮಿನಂತೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಐದು ವರ್ಷಗಳವರೆಗಿನ ಸೆರೆವಾಸ ಹಾಗೂ ದಂಡ ವಿಧಿಸಬಹುದು. ಚಲನಚಿತ್ರಗಳಲ್ಲಿ ಇಂಥವರನ್ನು ಹೀಯಾಳಿಸುವ ಪದಗಳನ್ನು ಕುರಿತು ಭಾರತದ ಸರ್ವೋಚ್ಚ ನ್ಯಾಯಾಲಯ ೨೦೨೪ರ ಜುಲೈನಲ್ಲಿ ಮಾರ್ಗಸೂಚಿಗಳನ್ನೇ ನೀಡಿದೆ. ಆದರೆ ಸೆರೆಮನೆಗೆ ಅಂಜಿ ಬಿಡುವ ಮಾತು ಮನೆಯೊಳಗೆ ಉಳಿದೇ ಇರುತ್ತದೆ. ಶರಣನು ಬಿಡಬೇಕಾದುದು ಆಚಾರಕ್ಕಾಗಿ.

ಹಾಗಾದರೆ ಏನೆಂದು ಕರೆಯೋಣ? ಮೊದಲನೆಯದಾಗಿ, ಹೆಸರಿನಿಂದ. ತಂದೆತಾಯಿಗಳು ಇಟ್ಟ ಹೆಸರೊಂದು ಇದ್ದೇ ಇದೆಯಲ್ಲ! ಶಾಲೆ, ವೈದ್ಯ, ಸೌಲಭ್ಯಗಳ ಸಂದರ್ಭದಲ್ಲಿ ಸ್ಥಿತಿಯನ್ನು ಹೇಳಲೇಬೇಕಾದಾಗ 'ಬೌದ್ಧಿಕ ಅಸಾಮರ್ಥ್ಯವುಳ್ಳ ಮಗು' ಎನ್ನೋಣ. ಅಲ್ಲಿ ಮಗು ಮುಖ್ಯ, ಸ್ಥಿತಿ ವಿಶೇಷಣ. ನಾಳೆ ಆ ಮಕ್ಕಳೂ ಅವರ ತಂದೆತಾಯಿಗಳೂ ಇದಕ್ಕಿಂತ ಒಳ್ಳೆಯದೊಂದನ್ನು ಸೂಚಿಸಿದರೆ ಅದನ್ನೇ ಬಳಸೋಣ. ಹೆಸರನ್ನು ಆರಿಸುವ ಅಧಿಕಾರ ಹೊತ್ತವನದು, ನೋಡಿ ನಗುವವನದಲ್ಲ.

ಮಠಗಳೂ ಮಠಗಳ ಹಳೆಯ ವಿದ್ಯಾರ್ಥಿಗಳೂ ಮಾಡಬಹುದಾದ ಕೆಲಸಗಳಿವೆ. ಇಂಥ ಮಕ್ಕಳಿಗೆ ದೀಕ್ಷೆ ಕೊಡಬಹುದೇ ಎಂದು ಹಿಂಜರಿಯುತ್ತ ಕೇಳುವ ತಾಯಂದಿರಿಗೆ ಪೂಜ್ಯರು ಬಹಿರಂಗವಾಗಿ, ಜಾತ್ರೆಯ ವೇದಿಕೆಯ ಮೇಲಿಂದಲೇ, ಕೊಡಬಹುದೆಂದು ಸಾರಲಿ. ಜಾತ್ರೆಯ ನಾಟಕಗಳಲ್ಲಿ ಪೆದ್ದನ ಪಾತ್ರಕ್ಕೆ ಮಠದ ಅಂಗಳದಲ್ಲಿ ಎಡೆಯಿಲ್ಲವೆಂದು ಕಟ್ಟುಮಾಡಲಿ. ಪ್ರಸಾದನಿಲಯದಲ್ಲಿ ಉಂಡು ಬೆಳೆದು ಇಂದು ನಾಡಿನ ನೂರಾರು ಶಾಲೆಗಳಲ್ಲಿ ಉಪಾಧ್ಯಾಯರಾಗಿರುವವರು, ತಮ್ಮ ತರಗತಿಯಲ್ಲಿ ಆ ಬಿರುದುಗಳನ್ನು ಇಂದಿನಿಂದಲೇ ನಿಲ್ಲಿಸಲಿ; ಆರರಿಂದ ಹದಿನೆಂಟು ವರ್ಷದವರೆಗೆ ಇಂಥ ಮಕ್ಕಳಿಗೂ ಉಚಿತ ಶಿಕ್ಷಣದ ಹಕ್ಕಿದೆಯೆಂಬುದನ್ನು ಅಂಜಿದ ತಂದೆಗಳಿಗೆ ತಿಳಿಸಲಿ. ದಾಸೋಹದ ಪಂಕ್ತಿಯಲ್ಲಿ ಆ ಮಗುವಿನ ಎಲೆಯನ್ನು ಮೂಲೆಯಲ್ಲಿ ಹಾಕದೆ ಎಲ್ಲರ ನಡುವೆ ಹಾಕಲಿ. ಇವು ಹಣ ಬೇಡುವ ಕೆಲಸಗಳಲ್ಲ, ಮನಸ್ಸು ಬೇಡುವ ಕೆಲಸಗಳು.

ಷಟ್‌ಸ್ಥಲ ಸಿದ್ಧಾಂತದಂತೆ ಜಿಹ್ವೆಯಲ್ಲಿ ನೆಲಸಿರುವುದು ಗುರುಲಿಂಗ, ಶ್ರೋತ್ರದಲ್ಲಿ ನೆಲಸಿರುವುದು ಪ್ರಸಾದಲಿಂಗ. ಒಬ್ಬನ ನಾಲಗೆಯಿಂದ ಹೊರಟ ಮಾತು ಒಬ್ಬ ತಾಯಿಯ ಕಿವಿಯನ್ನು ಸೇರುವಾಗ, ಗುರುವಿನಿಂದ ಹೊರಟದ್ದು ಪ್ರಸಾದವಾಗಿ ಮುಟ್ಟಬೇಕು. ಅದು ವಿಷವಾಗಿ ಮುಟ್ಟಿದರೆ ಕೆಟ್ಟದ್ದು ಯಾರ ಅಂಗ? ಜೊಲ್ಲು ಸುರಿಸುವ ಆ ಕೂಸಿನದಲ್ಲ. ನೆಟ್ಟಗೆ ನಿಂತು ಚೆನ್ನಾಗಿ ಮಾತನಾಡಬಲ್ಲ ನಮ್ಮದು. ಸದ್ಭಕ್ತರು ವಿಚಾರಿಸಲಿ.